ಉಪ್ಪಿನ ಸುಂಕವೂ ಗೋಖಲೆಯವರ ಲೆಕ್ಕವೂ

"ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ದೇವರಿಲ್ಲ" ಎಂಬ ಗಾದೆಯನ್ನು ಕೇಳದೆ ಬೆಳೆದ ಕನ್ನಡದ ಮಗುವಿಲ್ಲ. ತಾಯಿಯ ಹೆಸರಿನ ಪಕ್ಕದಲ್ಲಿ ಇಡುವಷ್ಟು ಹತ್ತಿರದ ವಸ್ತು ಉಪ್ಪು. ಸಿರಿವಂತನ ಹಬ್ಬದ ಅಡಿಗೆಗೂ ಬಡವನ ಅಂಬಲಿಗೂ ಅದು ಬೇಕೇ ಬೇಕು. ಬಡವನು ತುಪ್ಪ ಬಿಟ್ಟಾನು, ಬೆಲ್ಲ ಬಿಟ್ಟಾನು. ಉಪ್ಪನ್ನು ಮಾತ್ರ ಬಿಡಲಾರ. ಆದಕಾರಣವೇ, ಎಂದೂ ತಪ್ಪದ ಆದಾಯವನ್ನು ಬಯಸುವ ಆಳರಸರ ಕಣ್ಣು ಉಪ್ಪಿನ ಮೇಲೆ ಬೀಳುತ್ತ ಬಂದಿದೆ. ನಮ್ಮ ದೇಶವನ್ನಾಳಿದ ಆಂಗ್ಲ ಸರ್ಕಾರದ ಕಣ್ಣೂ ಹಾಗೆಯೇ ಬಿದ್ದಿತು.

ಉಪ್ಪಿನ ಸುಂಕವೆಂದೊಡನೆ ನಮಗೆಲ್ಲ ನೆನಪಾಗುವುದು 1930ನೆಯ ಇಸವಿ, ದಂಡಿಯ ಕಡಲತೀರ, ಬಾಗಿ ಹಿಡಿ ಉಪ್ಪನ್ನೆತ್ತಿದ ಮಹಾತ್ಮರು. ಅದು ಸಹಜವೇ. ಆದರೆ ಅದಕ್ಕೂ 28 ವರ್ಷ ಮೊದಲು ಕಲ್ಕತ್ತೆಯ ಶಾಸನಸಭೆಯಲ್ಲಿ ಗಣಿತದ ಅಧ್ಯಾಪಕರೊಬ್ಬರು ಎದ್ದು ನಿಂತು, ಸರ್ಕಾರದ ಅಂಕಿಗಳನ್ನೇ ಸರ್ಕಾರದ ಮುಂದೆ ಹಿಡಿದು, ಈ ಸುಂಕವನ್ನು ಇಳಿಸಬೇಕೆಂದು ವಾದಿಸಿದ್ದರು. ಮರುವರ್ಷ ಸುಂಕ ಇಳಿಯಿತು ಕೂಡ. ಅವರೇ ಗೋಪಾಲಕೃಷ್ಣ ಗೋಖಲೆಯವರು. ದಾದರಿನ ರಸ್ತೆಯಿಂದಲೂ ಅಂಧೇರಿಯ ಸೇತುವೆಯಿಂದಲೂ ಅವರ ಹೆಸರು ಮುಂಬಯಿಯ ಕನ್ನಡಿಗರಿಗೆ ಬಾಯಿಪಾಠವಾಗಿದೆ. ಅವರು ಮಾಡಿದ ಕೆಲಸದ ಪರಿಚಯ ಮಾತ್ರ ಅಷ್ಟಾಗಿಲ್ಲ. ಮತ ಹಾಕುವ ಅಧಿಕಾರವೇ ಇಲ್ಲದ ಸಭೆಯಲ್ಲಿ ಕುಳಿತು, ಬರಿಯ ಪ್ರಶ್ನೆಯಿಂದಲೂ ಲೆಕ್ಕದಿಂದಲೂ ಒಬ್ಬ ಪ್ರತಿನಿಧಿ ಎಷ್ಟನ್ನು ಸಾಧಿಸಬಲ್ಲ, ಯಾವುದನ್ನು ಸಾಧಿಸಲಾರ ಎಂಬುದನ್ನು ಅವರ ಜೀವನ ತೋರಿಸುತ್ತದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ದಹಿಸರಿನಲ್ಲಿ ನೆಲೆಸಿರುವ ನಮಗೆ ಈ ವಿಷಯ ದೂರದ್ದಲ್ಲ. 1957ರಲ್ಲಿ ಬೃಹನ್ಮುಂಬಯಿಯ ಎಲ್ಲೆ ನಮ್ಮ ಊರಿನವರೆಗೆ ಬೆಳೆದಂದಿನಿಂದ ದಹಿಸರ್ ನಗರದ ಹೆಬ್ಬಾಗಿಲಾಗಿದೆ. ಇಲ್ಲಿಯ ಚೆಕ್ ನಾಕಾದಲ್ಲಿ 2017ರ ಜೂನ್ 30ರ ನಡುರಾತ್ರಿಯವರೆಗೆ ನಗರದೊಳಕ್ಕೆ ಬರುವ ಸರಕಿಗೆಲ್ಲ ಜಕಾತಿ ವಸೂಲಾಗುತ್ತಿತ್ತು. ಲಾರಿಗಳ ಉದ್ದನೆಯ ಸಾಲನ್ನು ನೋಡಿದವರಿಗೆ ತೆರಿಗೆಯೆಂದರೇನೆಂದು ಹೇಳಿಕೊಡಬೇಕಾಗಿರಲಿಲ್ಲ. ಅದು ಕಣ್ಣಿಗೆ ಕಾಣುವ ತೆರಿಗೆ. ಇನ್ನೊಂದು ಬಗೆಯ ತೆರಿಗೆಯ ನೆನಪೂ ನಮ್ಮ ಸುತ್ತಲಿನ ನೆಲದಲ್ಲಿದೆ. ದಹಿಸರಿನಿಂದ ಮೀರಾ ರೋಡ್, ಭಾಯಂದರ್ ಕಡೆಗೆ ಖಾಡಿಯ ಅಂಚಿನಲ್ಲಿ ಹಬ್ಬಿರುವ ನೆಲಕ್ಕೆ ಮರಾಠಿಯಲ್ಲಿ ಮಿಠಾಗರವೆನ್ನುತ್ತಾರೆ, ನಮ್ಮ ಕರಾವಳಿಯವರು ಉಪ್ಪಿನ ಆಗರವೆನ್ನುತ್ತಾರೆ. ಆಂಗ್ಲರ ಕಾಲದಲ್ಲಿ ಸುಂಕ ಕಟ್ಟದ ಉಪ್ಪು ಆಗರದಿಂದ ಹೊರಡುವಂತಿರಲಿಲ್ಲ. ಒಮ್ಮೆ ಅಲ್ಲಿ ಕಟ್ಟಿದ ಸುಂಕ ಉಪ್ಪಿನ ಬೆಲೆಯಲ್ಲಿ ಕರಗಿಹೋಗುತ್ತಿತ್ತು. ಸೊಲ್ಲಾಪುರದ ಸಂತೆಯಲ್ಲಾಗಲಿ ಧಾರವಾಡದ ಅಂಗಡಿಯಲ್ಲಾಗಲಿ ಉಪ್ಪು ಕೊಳ್ಳುವ ಹೆಂಗಸಿಗೆ ತಾನು ಸರ್ಕಾರಕ್ಕೆ ತೆರಿಗೆ ಕಟ್ಟುತ್ತಿದ್ದೇನೆಂಬ ಸುಳಿವೇ ಇರುತ್ತಿರಲಿಲ್ಲ. ಕಾಣದ ತೆರಿಗೆಯನ್ನು ಕಾಣುವಂತೆ ಮಾಡುವುದೇ ಪ್ರತಿನಿಧಿಯ ಮೊದಲ ಕೆಲಸ.

ಗೋಖಲೆಯವರು ಮರಾಠಿಗರು, ಕನ್ನಡ ರಾಜ್ಯೋತ್ಸವದ ಸಂಚಿಕೆಯಲ್ಲಿ ಅವರ ಮಾತೇಕೆ ಎಂದು ಯಾರಾದರೂ ಕೇಳಬಹುದು. 1956ರ ನವೆಂಬರ್ 1ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ವೈಸರಾಯರ ಶಾಸನಸಭೆಗೆ ಮುಂಬಯಿ ಶಾಸನಸಭೆಯ ಸರ್ಕಾರೇತರ ಸದಸ್ಯರು ಆರಿಸಿ ಕಳುಹಿಸುತ್ತಿದ್ದುದು ಒಬ್ಬರನ್ನು ಮಾತ್ರ. ಆ ಒಬ್ಬರೇ ರತ್ನಾಗಿರಿಯ ರೈತನಿಗೂ ರಾಣಿಬೆನ್ನೂರಿನ ರೈತನಿಗೂ ದನಿಯಾಗಬೇಕಾಗಿತ್ತು. ಕಡಲಿಲ್ಲದ ಮೈಸೂರು ಸಂಸ್ಥಾನದವರೂ ಹೊರಗಿನಿಂದ ಬಂದ ಉಪ್ಪನ್ನೇ ತಿನ್ನುತ್ತಿದ್ದುದರಿಂದ ಆ ಸುಂಕದ ಭಾರವನ್ನು ಅವರೂ ಹೊತ್ತಿದ್ದರು. ಹೀಗಿರಲು ಗೋಖಲೆಯವರ ವಾದದಲ್ಲಿ ನಮ್ಮ ಅಜ್ಜ-ಮುತ್ತಜ್ಜಂದಿರ ಪಾಲೂ ಇತ್ತು.

ಅಂದಿನ ಶಾಸನಸಭೆ ಎಂಥದೆಂಬುದನ್ನು ಮೊದಲು ತಿಳಿಯಬೇಕು. 1861ರ ಶಾಸನದಂತೆ ಏರ್ಪಟ್ಟ ಸಭೆಗಳಲ್ಲಿ ಸದಸ್ಯರಿಗೆ ಪ್ರಶ್ನೆ ಕೇಳುವ ಅಧಿಕಾರವೇ ಇರಲಿಲ್ಲ. 1892ರ ಶಾಸನ ಎರಡು ಸಣ್ಣ ಬಾಗಿಲುಗಳನ್ನು ತೆರೆಯಿತು. ಮೊದಲೇ ತಿಳಿಸಿ ಪ್ರಶ್ನೆ ಕೇಳಬಹುದು; ಆದರೆ ಉತ್ತರ ಬಂದ ಮೇಲೆ ಅದರ ಮೇಲೊಂದು ಉಪಪ್ರಶ್ನೆ ಕೇಳುವಂತಿಲ್ಲ. ವರ್ಷಕ್ಕೊಮ್ಮೆ ಮುಂಗಡಪತ್ರದ ಮೇಲೆ ಮಾತನಾಡಬಹುದು. ಆದರೆ ಅದರ ಮೇಲೆ ಮತ ಕೇಳುವಂತಿಲ್ಲ, ಒಂದು ಬಿಡಿಗಾಸನ್ನೂ ಹೆಚ್ಚುಕಡಿಮೆ ಮಾಡುವಂತಿಲ್ಲ. ಮಾರ್ಚ್ ತಿಂಗಳ ಕೊನೆಯಲ್ಲಿ ಸದಸ್ಯರು ತಮ್ಮ ಮಾತು ಹೇಳಿ ಕುಳಿತರೆ ವೈಸರಾಯರು ಮುಕ್ತಾಯದ ಭಾಷಣ ಮಾಡುತ್ತಿದ್ದರು. ಅಲ್ಲಿಗೆ ವರ್ಷದ ಲೆಕ್ಕ ಮುಗಿಯಿತು. ಸಭೆಯಲ್ಲಿ ಬಹುಮತವಂತೂ ಸರ್ಕಾರಿ ಅಧಿಕಾರಿಗಳದೇ. ಇಂಥ ಸಭೆಯಲ್ಲಿ ಬಾಯಿಬಿಟ್ಟು ಫಲವೇನೆಂದು ಕೈಚೆಲ್ಲುವುದು ಸುಲಭವಾಗಿತ್ತು.

ಗೋಖಲೆಯವರು ಕೈಚೆಲ್ಲಲಿಲ್ಲ. 1866ರ ಮೇ 9ರಂದು ರತ್ನಾಗಿರಿ ಜಿಲ್ಲೆಯ ಕೋತಳೂಕಿನಲ್ಲಿ ಬಡ ಕುಟುಂಬದಲ್ಲಿ ಹುಟ್ಟಿದವರು ಅವರು. ನಮ್ಮ ಬೆಳಗಾವಿಯ ಗಡಿಗೆ ಸಮೀಪವಿರುವ ಕಾಗಲದಲ್ಲೂ ಕೊಲ್ಲಾಪುರದಲ್ಲೂ ಅವರ ಶಾಲೆಯ ಓದು ನಡೆಯಿತು. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ 1884ರಲ್ಲಿ ಪದವಿ ಪಡೆದು, ಪುಣೆಯಲ್ಲಿ ತಿಂಗಳಿಗೆ 75 ರೂಪಾಯಿ ಸಂಬಳದ ಅಧ್ಯಾಪಕರಾದರು. ಗಣಿತ ಕಲಿಸಿದರು, ಶಾಲೆಯ ಮಕ್ಕಳಿಗಾಗಿ ಅಂಕಗಣಿತದ ಪುಸ್ತಕವನ್ನೂ ಬರೆದರು. ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆಯವರು ಗುರುಗಳಾಗಿ ದೊರೆತು, ಸರ್ಕಾರದ ವರದಿಗಳನ್ನು ಓದುವ ಬಗೆಯನ್ನು ಕಲಿಸಿದರು. ಸೊಲ್ಲಾಪುರದಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಗಣೇಶ ವ್ಯಂಕಟೇಶ ಜೋಶಿಯವರೆಂಬ ಲೆಕ್ಕದ ಪಂಡಿತರು ಅಂಕಿ-ಅಂಶಗಳನ್ನು ಒದಗಿಸಿ ನೆರವಾದರು. ಶಾಸನಸಭೆಯಲ್ಲಿ ಮಿಂಚಿದ ಒಂದು ಭಾಷಣದ ಹಿಂದೆ, ಹೆಸರನ್ನು ಬಯಸದ ಶಾಲಾ ಉಪಾಧ್ಯಾಯರೊಬ್ಬರ ದುಡಿಮೆಯಿತ್ತೆಂಬುದು ನಾವು ಮರೆಯಬಾರದ ಸಂಗತಿ.

1899ರಲ್ಲಿ ಗೋಖಲೆಯವರು ಮುಂಬಯಿ ಶಾಸನಸಭೆಗೆ ಆರಿಸಿಬಂದರು. ಅದು ಘೋರ ಕಾಲ. 1896ರಲ್ಲಿ ಮುಂಬಯಿಗೆ ಪ್ಲೇಗು ಬಂದಿತ್ತು. 1896-97ರಲ್ಲಿ ಒಂದು ಬರ, 1899-1900ರಲ್ಲಿ ಅದಕ್ಕಿಂತ ಕಠಿಣವಾದ ಇನ್ನೊಂದು ಬರ. ರೈತರ ಕಂದಾಯ ಬಾಕಿ ಬಿದ್ದಿತ್ತು. 1901ರಲ್ಲಿ ಸರ್ಕಾರ ಕಂದಾಯ ಶಾಸನಕ್ಕೆ ಒಂದು ತಿದ್ದುಪಡಿಯನ್ನು ತಂದಿತು. ಬಾಕಿಗಾಗಿ ಮುಟ್ಟುಗೋಲಾದ ಜಮೀನನ್ನು ಮತ್ತೆ ಕೊಡುವಾಗ, ರೈತನು ಅದನ್ನು ಮಾರದಂತೆ, ಅಡವಿಡದಂತೆ ಕಟ್ಟು ಹಾಕಬಹುದೆಂಬುದು ಅದರ ಸಾರ. ಸಾಹುಕಾರನಿಂದ ರೈತನನ್ನು ಕಾಪಾಡುವುದಕ್ಕಾಗಿ ಎಂದು ಸರ್ಕಾರ ಹೇಳಿತು. ರೈತನ ಹಿಡಿತದಲ್ಲಿದ್ದ ಭೂಮಿ ಸರ್ಕಾರದ ಒಕ್ಕಲುತನವಾಗಿಬಿಡುತ್ತದೆ ಎಂದು ವಿರೋಧಿಗಳು ಹೇಳಿದರು. ತಡೆಯಿರಿ, ಜನರ ಅಭಿಪ್ರಾಯ ಕೇಳಿರಿ ಎಂದರೂ ಸರ್ಕಾರ ಒಪ್ಪದಿದ್ದಾಗ ಫಿರೋಜಶಹಾ ಮೆಹತಾರವರು ಸಭೆಯಿಂದ ಎದ್ದು ನಡೆದರು. ಗೋಖಲೆಯವರೂ ಅವರೊಡನೆ ಹೊರನಡೆದರು. ಶಾಸನವೇನೋ ಜಾರಿಗೆ ಬಂದಿತು. ಆದರೆ ಕೈಯೆತ್ತಿ ಸೋಲುವುದಕ್ಕಿಂತ ಹೊರನಡೆದು ದೇಶಕ್ಕೆ ತಿಳಿಸುವುದು ಮೇಲೆಂಬುದನ್ನು ಅಂದು ಅವರು ತೋರಿಸಿದರು.

ಮೆಹತಾರವರು ಬಿಟ್ಟುಕೊಟ್ಟ ಸ್ಥಾನಕ್ಕೆ ಆರಿಸಿ ಬಂದು, 1902ರ ಮಾರ್ಚ್ 26ರಂದು ಗೋಖಲೆಯವರು ವೈಸರಾಯ್ ಲಾರ್ಡ್ ಕರ್ಜನರ ಎದುರಿಗೆ ತಮ್ಮ ಮೊದಲ ಮುಂಗಡಪತ್ರದ ಭಾಷಣವನ್ನು ಮಾಡಿದರು. ಆಗ ಅವರಿಗೆ 35 ವರ್ಷ. ಸರ್ ಎಡ್ವರ್ಡ್ ಲಾ ಅವರು ಹಣಕಾಸಿನ ಸದಸ್ಯರು. ಸರ್ಕಾರದ ಬೊಕ್ಕಸದಲ್ಲಿ ವರ್ಷದಿಂದ ವರ್ಷಕ್ಕೆ ಕೋಟಿಗಟ್ಟಲೆ ರೂಪಾಯಿ ಮಿಗುತ್ತಿತ್ತು. ಬೊಕ್ಕಸ ತುಂಬಿದೆ, ಆದ್ದರಿಂದ ದೇಶ ಸುಖವಾಗಿದೆ ಎಂಬುದು ಅಧಿಕಾರಿಗಳ ಸಮಾಧಾನ. ಗೋಖಲೆಯವರು ಕೇಳಿದ್ದು ಒಂದೇ ಪ್ರಶ್ನೆ: ಎರಡು ಬರ ಬಂದು ಜನ ಸತ್ತಿರುವಾಗ ಈ ಮಿಗತೆ ಬಂದುದಾದರೂ ಎಲ್ಲಿಂದ?

ಉತ್ತರವನ್ನು ಅವರು ಲೆಕ್ಕದಲ್ಲಿಯೇ ಕೊಟ್ಟರು. ಬ್ಯಾಂಕಿನ ಪುಸ್ತಕಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಆ ಲೆಕ್ಕ ಬಹು ಸ್ವಾರಸ್ಯದ್ದು. ಉಳಿದವರಿಗೂ ಅದು ಕಷ್ಟದ್ದಲ್ಲ. ಭಾರತ ಸರ್ಕಾರ ಪ್ರತಿ ವರ್ಷ ಇಂಗ್ಲೆಂಡಿಗೆ ಪೌಂಡುಗಳಲ್ಲಿ ದೊಡ್ಡ ಮೊತ್ತವನ್ನು ಕಳುಹಿಸಬೇಕಾಗಿತ್ತು. ತೆರಿಗೆ ಬರುತ್ತಿದ್ದುದು ರೂಪಾಯಿಗಳಲ್ಲಿ. ಬೆಳ್ಳಿಯ ಬೆಲೆ ಕುಸಿದು 1894-95ರ ಹೊತ್ತಿಗೆ ಒಂದು ರೂಪಾಯಿಗೆ ಸುಮಾರು 13 ಪೆನ್ನಿ ಮಾತ್ರ ಸಿಗುತ್ತಿತ್ತು. ಪೌಂಡಿಗೆ 240 ಪೆನ್ನಿ. ಅಂದರೆ ಒಂದು ಪೌಂಡು ಕೊಳ್ಳಲು ಸುಮಾರು ಹದಿನೆಂಟೂವರೆ ರೂಪಾಯಿ ಬೇಕು. ಈ ನಷ್ಟವನ್ನು ತುಂಬಲೆಂದೇ ಹೊಸ ತೆರಿಗೆಗಳು ಬಂದುವು: 1886ರಲ್ಲಿ ಆದಾಯ ತೆರಿಗೆ, 1888ರಲ್ಲಿ ಉಪ್ಪಿನ ಸುಂಕದ ಏರಿಕೆ, 1894ರಲ್ಲಿ ಆಮದು ಸುಂಕ. ಅನಂತರ, 1893ರಲ್ಲಿ ಟಂಕಸಾಲೆಗಳನ್ನು ಸಾರ್ವಜನಿಕರ ಬೆಳ್ಳಿಗೆ ಮುಚ್ಚಿದ್ದರ ಫಲವಾಗಿ ರೂಪಾಯಿ ಚೇತರಿಸಿಕೊಂಡು, 1898ರ ಹೊತ್ತಿಗೆ 16 ಪೆನ್ನಿಗೆ ನಿಂತಿತು. ಈಗ ಪೌಂಡಿಗೆ 15 ರೂಪಾಯಿ ಸಾಕು. ಒಂದು ಕೋಟಿ ಪೌಂಡು ಕಳುಹಿಸುವಲ್ಲಿ ಸುಮಾರು ಮೂರೂವರೆ ಕೋಟಿ ರೂಪಾಯಿ ಉಳಿಯಿತು. ಕಳುಹಿಸುವುದೋ ಒಂದು ಕೋಟಿಗಿಂತ ಹೆಚ್ಚು. ನಷ್ಟ ನಿಂತಿತು, ಆದರೆ ನಷ್ಟಕ್ಕಾಗಿ ಹಾಕಿದ ತೆರಿಗೆ ನಿಲ್ಲಲಿಲ್ಲ. ಮಿಗತೆಯ ಗುಟ್ಟು ಇಷ್ಟೇ.

ಜ್ವರಕ್ಕೆಂದು ಕೊಟ್ಟ ಕಷಾಯವನ್ನು ಜ್ವರ ಬಿಟ್ಟ ಮೇಲೂ ಕುಡಿಸುತ್ತ ಹೋದಂತೆ ಇದು. ಗೋಖಲೆಯವರ ಅಭಿಪ್ರಾಯದಲ್ಲಿ ಇಂಥ ಮಿಗತೆ ಪ್ರಜೆಗಳಿಗೆ ಇಮ್ಮಡಿ ಅನ್ಯಾಯ. ಬೇಕಾದುದಕ್ಕಿಂತ ಹೆಚ್ಚು ಹಣವನ್ನು ಕಷ್ಟದಲ್ಲಿರುವವರಿಂದ ತೆಗೆದುಕೊಂಡದ್ದು ಮೊದಲನೆಯದು. ಹೀಗೆ ತೆಗೆದುಕೊಂಡ ಹಣವನ್ನೇ ತೋರಿಸಿ ಜನರು ಸುಖವಾಗಿದ್ದಾರೆಂದು ಹೇಳುವುದು ಎರಡನೆಯದು. ಆದ್ದರಿಂದ ತೆರಿಗೆಗಳನ್ನು ಇಳಿಸಿರಿ, ಅದರಲ್ಲಿಯೂ ಬಡವನ ಮೇಲೆ ಬಿದ್ದಿರುವುದನ್ನು ಮೊದಲು ಇಳಿಸಿರಿ ಎಂದು ಅವರು ವಾದಿಸಿದರು. ಉಪ್ಪಿನ ಸುಂಕದ ಇಳಿಕೆ, ಆದಾಯ ತೆರಿಗೆಯ ಕೆಳಮಿತಿಯ ಏರಿಕೆ, ನಮ್ಮ ದೇಶದ ಗಿರಣಿಗಳ ಬಟ್ಟೆಯ ಮೇಲಿನ ಸುಂಕದ ರದ್ದತಿ, ಇವು ಅವರ ಮುಖ್ಯ ಬೇಡಿಕೆಗಳು.

ಉಪ್ಪಿನ ಸುಂಕ ಆಗ ಮಣಕ್ಕೆ 2 ರೂಪಾಯಿ 8 ಆಣೆ. ಮಣವೆಂದರೆ 40 ಸೇರು. ಎರಡು ರೂಪಾಯಿ ಎಂಟಾಣೆಯೆಂದರೆ 40 ಆಣೆ. ಅಂದಮೇಲೆ ಸೇರಿಗೆ ಸರಿಯಾಗಿ ಒಂದಾಣೆ ಸುಂಕ. ಮಕ್ಕಳು-ಮರಿ, ದನ-ಕರು ಸೇರಿ ವರ್ಷಕ್ಕೆ ಒಂದು ಮಣ ಉಪ್ಪು ಬಳಸುವ ಒಕ್ಕಲಿನ ಮನೆಯನ್ನು ಊಹಿಸಿಕೊಳ್ಳಿ. ಆ ಮನೆಯ ಯಜಮಾನ ದಿನಕ್ಕೆ ಎರಡಾಣೆ ಕೂಲಿ ದುಡಿಯುವವನಾದರೆ ಅವನ 20 ದಿನಗಳ ಕೂಲಿ ಉಪ್ಪಿನ ಸುಂಕಕ್ಕೇ ಹೋಯಿತು. ತಿಂಗಳಿಗೆ ಸಾವಿರ ರೂಪಾಯಿ ಸಂಬಳದ ಅಧಿಕಾರಿಯ ಮನೆಯಲ್ಲೂ ಅಷ್ಟೇ ಉಪ್ಪು ಖರ್ಚಾದರೆ ಅವನೂ ಕೊಡುವುದು ಅದೇ 40 ಆಣೆ. ಅದು ಅವನ ಎರಡು ಗಂಟೆಯ ಸಂಬಳವೂ ಅಲ್ಲ. ತೆರಿಗೆಯ ಮೊತ್ತ ಸಮವಾದರೂ ತೆರಿಗೆಯ ಭಾರ ಸಮವಲ್ಲವೆಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಕೆ? ಜನಸಂಖ್ಯೆ ಬೆಳೆದಂತೆ ಉಪ್ಪಿನ ಬಳಕೆ ಬೆಳೆಯುತ್ತಿಲ್ಲವೆಂಬುದನ್ನೂ ಗೋಖಲೆಯವರು ತೋರಿಸಿಕೊಟ್ಟರು. ಬಡವರು ಉಪ್ಪಿನಲ್ಲಿಯೂ ಕೈ ಬಿಗಿಹಿಡಿಯುತ್ತಿದ್ದಾರೆಂಬುದೇ ಅದರ ಅರ್ಥ.

ಆದಾಯ ತೆರಿಗೆಯ ಮಾತೂ ನಮ್ಮಂಥವರಿಗೆ ಹತ್ತಿರದ್ದು. 1886ರ ಶಾಸನದಂತೆ ವರ್ಷಕ್ಕೆ 500 ರೂಪಾಯಿ ಮುಟ್ಟಿದ ಆದಾಯಕ್ಕೆಲ್ಲ ತೆರಿಗೆ ತಗುಲುತ್ತಿತ್ತು. ತಿಂಗಳಿಗೆ 50 ರೂಪಾಯಿ ಪಡೆಯುವ ಗುಮಾಸ್ತನ ವರ್ಷದ ಸಂಬಳ 600. ರೂಪಾಯಿಗೆ 4 ಪೈಯಂತೆ ಅವನು ಕಟ್ಟಬೇಕಾದುದು 12 ರೂಪಾಯಿ 8 ಆಣೆ, ಅಂದರೆ ಸುಮಾರು ಒಂದು ವಾರದ ಸಂಬಳ. ಈ ಕೆಳಮಿತಿಯನ್ನು 1,000ಕ್ಕೆ ಏರಿಸಬೇಕೆಂದು ಗೋಖಲೆಯವರು ಕೇಳಿದರು.

ಸಭೆಯಲ್ಲಿ ಅಂದು ಯಾವುದೂ ಬದಲಾಗಲಿಲ್ಲ, ಬದಲಾಗುವಂತೆಯೂ ಇರಲಿಲ್ಲ. ಆದರೆ 1903ರ ಮಾರ್ಚಿನ ಮುಂಗಡಪತ್ರದಲ್ಲಿ ಉಪ್ಪಿನ ಸುಂಕ ಮಣಕ್ಕೆ ಎಂಟಾಣೆ ಇಳಿದು 2 ರೂಪಾಯಿಯಾಯಿತು. 1,000 ರೂಪಾಯಿಯ ಒಳಗಿನ ಆದಾಯ ತೆರಿಗೆಯಿಂದ ಪಾರಾಯಿತು. ಗೋಖಲೆಯವರು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಸುಂಕ ಇಳಿದ ಮೇಲೆ ಉಪ್ಪಿನ ಬಳಕೆ ಏರುತ್ತಿರುವುದನ್ನು ತೋರಿಸಿ, ಇನ್ನೂ ಇಳಿಸಿರೆಂದು ವರ್ಷವರ್ಷವೂ ಕೇಳಿದರು. 1905ರಲ್ಲಿ ಸುಂಕ 1 ರೂಪಾಯಿ 8 ಆಣೆಗೆ ಇಳಿಯಿತು. 1907ರಲ್ಲಿ 1 ರೂಪಾಯಿಗೆ ಬಂದಿತು. ಐದು ವರ್ಷಗಳಲ್ಲಿ ಸೇರಿಗೆ ಒಂದಾಣೆ ಇದ್ದ ಸುಂಕ ಆರು ಕಾಸಿಗೂ ಕೆಳಗಿಳಿದಿತ್ತು. ಆಣೆಗೆ ಹನ್ನೆರಡು ಕಾಸಾದರೆ ಉಳಿದದ್ದು ಐದು ಕಾಸಿಗಿಂತ ಕಡಿಮೆ.

ಈ ಕೀರ್ತಿಯೆಲ್ಲ ಗೋಖಲೆಯವರೊಬ್ಬರದೇ ಎಂದರೆ ಚರಿತ್ರೆಗೆ ಅಪಚಾರವಾಗುತ್ತದೆ. ಉಪ್ಪಿನ ಸುಂಕದ ವಿರುದ್ಧ ಕಾಂಗ್ರೆಸ್ಸು ಬಹುಕಾಲದಿಂದ ನಿರ್ಣಯಗಳನ್ನು ಮಾಡುತ್ತ ಬಂದಿತ್ತು. ಬೊಕ್ಕಸದಲ್ಲಿ ಹಣ ಮಿಗುತ್ತಿದ್ದುದರಿಂದ ಸರ್ಕಾರಕ್ಕೂ ಇಳಿಕೆ ಕಷ್ಟವಾಗಿರಲಿಲ್ಲ. ಆದರೆ ಹಣ ಮಿಗುವುದು ಬೇರೆ, ಮಿಕ್ಕ ಹಣ ಯಾರದೆಂದು ಕೇಳುವುದು ಬೇರೆ. ಸಿಟ್ಟಿನ ಮಾತನ್ನು ಅಧಿಕಾರಿಗಳು ಕೇಳಿಸಿಕೊಳ್ಳದೆ ಇರಬಹುದು. ತಮ್ಮದೇ ವರದಿಯ, ತಮ್ಮದೇ ಪಟ್ಟಿಯ ಅಂಕಿಯನ್ನು ಅಲ್ಲಗಳೆಯುವುದು ಹೇಗೆ?

ಸೋತದ್ದೂ ಉಂಟು. ಗಿರಣಿ ಬಟ್ಟೆಯ ಸುಂಕ ಅವರ ಜೀವಿತಕಾಲದಲ್ಲಿ ಹೋಗಲಿಲ್ಲ. ಅದು ತೊಲಗಿದ್ದು 1925-26ರಲ್ಲಿ. ಮಿಗತೆಯ ಹಣದಿಂದ ಊರೂರಿಗೆ ಪ್ರಾಥಮಿಕ ಶಾಲೆ ತೆರೆಯಿರೆಂದು ಬೇಡಿ, 1911ರಲ್ಲಿ ತಾವೇ ಕಡ್ಡಾಯ ಶಿಕ್ಷಣದ ಮಸೂದೆಯನ್ನು ಮಂಡಿಸಿದರು. ಮರುವರ್ಷ ಸರ್ಕಾರಿ ಬಹುಮತ ಅದನ್ನು ತಳ್ಳಿಹಾಕಿತು. 1915ರ ಫೆಬ್ರವರಿ 19ರಂದು, ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡರು.

ಅವರು ಹೋದ ಮರುವರ್ಷವೇ, ಯುದ್ಧದ ಖರ್ಚಿನ ನಡುವೆ, ಉಪ್ಪಿನ ಸುಂಕ ಮತ್ತೆ 1 ರೂಪಾಯಿ 4 ಆಣೆಗೆ ಏರಿತು. ಪ್ರಶ್ನೆಯ ಬಲ ಎಲ್ಲಿಗೆ ಮುಗಿಯುತ್ತದೆಂಬುದು 1923ರಲ್ಲಿ ಎದ್ದು ಕಂಡಿತು. ಅಷ್ಟರಲ್ಲಿ 1919ರ ಸುಧಾರಣೆಗಳು ಬಂದು, ದೆಹಲಿಯ ಶಾಸನಸಭೆಯಲ್ಲಿ ಚುನಾಯಿತರ ಬಹುಮತವಿತ್ತು. ಮತ ಹಾಕುವ ಅಧಿಕಾರವೂ ಬಂದಿತ್ತು. ಸರ್ಕಾರ ಸುಂಕವನ್ನು ಇಮ್ಮಡಿಗೊಳಿಸಿ ಹಳೆಯ 2 ರೂಪಾಯಿ 8 ಆಣೆಗೆ ಒಯ್ಯಲು ಹೊರಟಿತು. ಸಭೆ ಒಪ್ಪಲಿಲ್ಲ. ವೈಸರಾಯ್ ಲಾರ್ಡ್ ರೀಡಿಂಗರು ತಮ್ಮ ವಿಶೇಷಾಧಿಕಾರದಿಂದ ಅದನ್ನು ಪ್ರಮಾಣೀಕರಿಸಿ ಜಾರಿಗೆ ತಂದರು. 1924ರಲ್ಲಿ ಸುಂಕ ಮತ್ತೆ 1 ರೂಪಾಯಿ 4 ಆಣೆಗೆ ಇಳಿದರೂ ಆದ ಗಾಯ ಮಾಯಲಿಲ್ಲ. ಗೋಖಲೆಯವರಿಗೆ ಮತವಿರಲಿಲ್ಲ, ಆದರೂ ಸುಂಕ ಇಳಿಯಿತು. ಈಗ ಮತವಿತ್ತು, ಆದರೂ ಸುಂಕ ಏರಿತು. ಒಬ್ಬನ ರುಜುವಿನಿಂದ ಇಡೀ ಸಭೆಯ ಮತ ಅಳಿಸಿಹೋಗುವುದಾದರೆ ಲೆಕ್ಕದ ಮಾತು ಕೇಳುವವರಾರು?

ಸಭೆಯಲ್ಲಿ ಸಿಕ್ಕದ ಉತ್ತರವನ್ನು ಹುಡುಕಿಕೊಂಡು ದೇಶ ಕಡಲತೀರಕ್ಕೆ ಹೋಯಿತು. ಗೋಖಲೆಯವರನ್ನು ತಮ್ಮ ರಾಜಕೀಯ ಗುರುಗಳೆಂದು ಕರೆದ ಗಾಂಧೀಜಿಯವರೇ ಮುಂದೆ ನಡೆದರು. ದಂಡಿಗೆ ನಡೆದವರಲ್ಲಿ ಇದ್ದ ಏಕೈಕ ಕನ್ನಡಿಗ ಹಾವೇರಿ ಸೀಮೆಯ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳತನದಲ್ಲಿ ಕರ್ನಾಟಕದ ಉಪ್ಪಿನ ಸತ್ಯಾಗ್ರಹ ಮೊದಲಾಯಿತು. ಮಂಗಳೂರಿನ ಮಗಳಾದ ಕಮಲಾದೇವಿ ಚಟ್ಟೋಪಾಧ್ಯಾಯರು ಮುಂಬಯಿಯ ಷೇರುಪೇಟೆಯಲ್ಲಿ ಉಪ್ಪಿನ ಪೊಟ್ಟಣಗಳನ್ನು ಮಾರಿ ಸೆರೆಮನೆಗೆ ಹೋದರು. ನಮ್ಮ ಉಪನಗರಗಳ ಸತ್ಯಾಗ್ರಹಿಗಳ ಛಾವಣಿ ವಿಲೆಪಾರ್ಲೆಯಲ್ಲಿತ್ತು. ವಡಾಳಾದ ಉಪ್ಪಿನ ಆಗರಕ್ಕೆ ಜೂನ್ 1ರಂದು ಸಾವಿರಾರು ಜನ ನುಗ್ಗಿ ಲಾಠಿಯ ಪೆಟ್ಟು ತಿಂದರು. ಇಂದು ನಾವು ಹಾರ್ಬರ್ ಗಾಡಿಯಲ್ಲಿ ದಾಟಿಹೋಗುವ ನೆಲ ಅದು.

ಕೊನೆಗೆ 1947ರ ಮುಂಗಡಪತ್ರದಲ್ಲಿ, ಸ್ವಾತಂತ್ರ್ಯ ಬರುವ ಕೆಲವು ತಿಂಗಳ ಮೊದಲು, ಮಧ್ಯಂತರ ಸರ್ಕಾರ ಉಪ್ಪಿನ ಸುಂಕವನ್ನು ತೆಗೆದುಹಾಕಿತು. ಉಪ್ಪಿನ ಉದ್ದಿಮೆಗಾಗಿ 1953ರಲ್ಲಿ ಹಾಕಿದ್ದ ಸಣ್ಣದೊಂದು ಕರವೂ ಈಗಿಲ್ಲ. 2017ರ ಜುಲೈ 1ರಿಂದ ಬಂದ ಜಿ.ಎಸ್.ಟಿ.ಯಲ್ಲಿ ಉಪ್ಪಿಗೆ ತೆರಿಗೆ ಸೊನ್ನೆ. ಕಿರಾಣಿ ಅಂಗಡಿಯ ಚೀಟಿಯಲ್ಲಿ ಉಪ್ಪಿನ ಮುಂದೆ ಕಾಣುವ ಆ ಸೊನ್ನೆಯ ಹಿಂದೆ ಕಲ್ಕತ್ತೆಯ ಭಾಷಣವೂ ಇದೆ, ಅಂಕೋಲೆಯ ಮರಳೂ ಇದೆ. ಗೋಖಲೆಯವರು ಸುಂಕದ ಅನ್ಯಾಯವನ್ನು ಲೆಕ್ಕದಿಂದ ತೋರಿಸಿಕೊಡದಿದ್ದರೆ ಸತ್ಯಾಗ್ರಹಕ್ಕೆ ಅಷ್ಟು ಗಟ್ಟಿಯಾದ ನೆಲಗಟ್ಟು ಸಿಗುತ್ತಿರಲಿಲ್ಲ. ಸತ್ಯಾಗ್ರಹ ನಡೆಯದಿದ್ದರೆ ಲೆಕ್ಕ ಕಡತದಲ್ಲಿಯೇ ಉಳಿಯುತ್ತಿತ್ತು. ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವುದು ಸಲ್ಲದು.

ಗೋಖಲೆಯವರ ಈ ಗುಣವನ್ನು ಕನ್ನಡನಾಡಿನಲ್ಲಿ ಚೆನ್ನಾಗಿ ಅರಿತವರು ಡಿ. ವಿ. ಗುಂಡಪ್ಪನವರು. ಗೋಖಲೆಯವರು ತೀರಿಕೊಂಡ ಕೆಲವೇ ತಿಂಗಳಲ್ಲಿ, 1915ರ ಮೇ ತಿಂಗಳಿನಲ್ಲಿ, ಅವರ ಭಾವಚಿತ್ರವನ್ನು ಅನಾವರಣ ಮಾಡಲು ಗಾಂಧೀಜಿಯವರು ಬೆಂಗಳೂರಿಗೆ ಬಂದಿದ್ದರು. ಆ ಏರ್ಪಾಟಿನಲ್ಲಿ ಡಿ.ವಿ.ಜಿ.ಯವರ ಕೈಯಿತ್ತು. ಅವರು ಕನ್ನಡದಲ್ಲಿ ಗೋಖಲೆಯವರ ಚರಿತ್ರೆಯನ್ನು ಬರೆದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಸ್ವತಃ ಅವರೂ ಮೈಸೂರಿನ ಶಾಸನಸಭೆಯ ಸದಸ್ಯರಾಗಿದ್ದವರೇ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರು 144 ಪ್ರತಿನಿಧಿಗಳ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದ ನಾಡು ಮೈಸೂರು. ಹೊಸ ತೆರಿಗೆ ಹಾಕುವ ಮೊದಲು ಆ ಸಭೆಯನ್ನು ಕೇಳಬೇಕೆಂಬ ನಿಯಮ 1923ರಲ್ಲಿ ಬಂದಿತು. ಅತ್ತ ದೆಹಲಿಯಲ್ಲಿ ಸಭೆಯ ಮಾತನ್ನು ತಳ್ಳಿ ಉಪ್ಪಿನ ಸುಂಕವನ್ನು ಇಮ್ಮಡಿಸಿದ ವರ್ಷವೇ ಇತ್ತ ಮೈಸೂರಿನಲ್ಲಿ ಈ ನಿಯಮ ಬಂದುದನ್ನು ನೆನೆದರೆ ಕನ್ನಡಿಗರಾದ ನಮಗೆ ಅಭಿಮಾನವೆನಿಸದೆ ಇರದು.

ಈಗ ನಮ್ಮ ಕಾಲಕ್ಕೆ ಬರೋಣ. ಶಾಸನದ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಕೂಡದೆಂದು ಸಂವಿಧಾನದ 265ನೆಯ ಅನುಚ್ಛೇದ ಹೇಳುತ್ತದೆ. ಲಾರ್ಡ್ ರೀಡಿಂಗರಂತೆ ಲೋಕಸಭೆಯ ಮತವನ್ನು ರುಜು ಹಾಕಿ ಅಳಿಸುವವರು ಇಂದು ಯಾರೂ ಇಲ್ಲ. ಗೋಖಲೆಯವರಿಗೆ ಇಲ್ಲದಿದ್ದ ಉಪಪ್ರಶ್ನೆ ನಮ್ಮ ಪ್ರತಿನಿಧಿಗಿದೆ, ಮತವೂ ಇದೆ. ದಹಿಸರಿನ ನಮಗೆ ಮಹಾನಗರಪಾಲಿಕೆಯಲ್ಲಿ, ವಿಧಾನಸಭೆಯಲ್ಲಿ, ಲೋಕಸಭೆಯಲ್ಲಿ, ಹೀಗೆ ಮೂರು ಕಡೆ ದನಿಯಿದೆ. ಮುಂಬಯಿಯಲ್ಲಿ 500 ಚದರಡಿಯವರೆಗಿನ ವಾಸದ ಮನೆಗಳಿಗೆ ಆಸ್ತಿ ತೆರಿಗೆಯನ್ನು ಮನ್ನಾ ಮಾಡುವ ನಿರ್ಧಾರ 2022ರ ಜನವರಿಯಲ್ಲಿ ಬಂದಾಗ ಎಷ್ಟೋ ಕನ್ನಡ ಕುಟುಂಬಗಳು ನಿಟ್ಟುಸಿರು ಬಿಟ್ಟುವು. ಕೆಳಮಿತಿ 500 ರೂಪಾಯಿಯಿಂದ 1,000ಕ್ಕೆ ಏರಿದಾಗ ಅಂದಿನ ಗುಮಾಸ್ತನೂ ಹೀಗೆಯೇ ನಿಟ್ಟುಸಿರು ಬಿಟ್ಟಿರಬೇಕು.

ಆದರೆ ಅದೇ 2022ರ ಮಾರ್ಚಿನಲ್ಲಿ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. ಮುಂದಿನ ಚುನಾವಣೆ ನಡೆದದ್ದು 2026ರ ಜನವರಿಯಲ್ಲಿ. ನಡುವಣ 2023, 2024, 2025ರ ಮೂರು ಮುಂಗಡಪತ್ರಗಳನ್ನು ಆಡಳಿತಾಧಿಕಾರಿಯೇ ನೋಡಿಕೊಂಡರು. ಹತ್ತಾರು ಸಾವಿರ ಕೋಟಿ ರೂಪಾಯಿಯ ಲೆಕ್ಕದ ಮೇಲೆ ಎದ್ದು ನಿಂತು ಪ್ರಶ್ನೆ ಕೇಳುವ ಚುನಾಯಿತ ಸದಸ್ಯ ಸಭೆಯಲ್ಲಿ ಒಬ್ಬನೂ ಇರಲಿಲ್ಲ. ಕಲ್ಕತ್ತೆಯ ಆ ಹಳೆಯ ಸಭೆಯಲ್ಲಿ ಕಡೆಯ ಪಕ್ಷ ಒಬ್ಬ ಗೋಖಲೆಯವರಿದ್ದರು! ಇದಕ್ಕೆ ಕಾರಣಗಳು ನ್ಯಾಯಾಲಯದವರೆಗೂ ಹೋದ ವಿಷಯ. ಅದರ ಚರ್ಚೆ ಇಲ್ಲಿ ಬೇಡ. ನಾಲ್ಕು ವರ್ಷ ಪ್ರಶ್ನೆಯ ಪೀಠ ಬರಿದಾಗಿದ್ದಾಗ ನಮ್ಮಲ್ಲಿ ಎಷ್ಟು ಜನರಿಗೆ ಅದು ಬರಿದಾಗಿದೆಯೆಂಬ ಅರಿವಿತ್ತು ಎಂಬುದೇ ಯೋಚಿಸಬೇಕಾದ ಮಾತು.

ಹೊರನಾಡಿನಲ್ಲಿರುವ ನಾವು ಇದು ನಮ್ಮ ಊರಲ್ಲ, ಇಲ್ಲಿಯ ರಾಜಕೀಯ ನಮಗೇಕೆ ಎಂದುಕೊಳ್ಳುವುದುಂಟು. ಆದರೆ ತೆರಿಗೆ ನಮ್ಮ ಮಾತೃಭಾಷೆಯನ್ನು ಕೇಳುವುದಿಲ್ಲ. ಇಲ್ಲಿಯ ನೀರಿಗೆ, ಮನೆಗೆ, ದುಡಿಮೆಗೆ ನಾವೂ ಕೊಡುತ್ತೇವೆ. ಇಲ್ಲಿಯ ಉಪ್ಪು ತಿಂದ ಮೇಲೆ ಇಲ್ಲಿಯ ಲೆಕ್ಕ ಕೇಳುವ ಹಕ್ಕೂ ಹೊಣೆಯೂ ನಮಗಿದೆ. ನಮ್ಮ ಮಕ್ಕಳಿಗೆ ಹಚ್ಚೇವಿನ ದೀಪದೊಂದಿಗೆ ಮುಂಗಡಪತ್ರ ಓದುವುದನ್ನೂ ಕಲಿಸೋಣ. ಸಂಘದ ಗ್ರಂಥಾಲಯದಲ್ಲಿ ಕಾದಂಬರಿಗಳ ಜೊತೆಗೆ ಪಾಲಿಕೆಯ ಆಯವ್ಯಯದ ಒಂದು ಪ್ರತಿಯೂ ಇರಲಿ. ವರ್ಷಕ್ಕೊಂದು ಸಂಜೆ ಲೆಕ್ಕ ಬಲ್ಲ ನಾಲ್ವರು ಕುಳಿತು ಅದನ್ನು ಎಲ್ಲರಿಗೂ ಕನ್ನಡದಲ್ಲಿ ತಿಳಿಸಲಿ. ಸೊಲ್ಲಾಪುರದ ಆ ಮುಖ್ಯೋಪಾಧ್ಯಾಯರು ಮಾಡಿದ್ದು ಇದನ್ನೇ. ಅಂಥವರಿದ್ದರೆ ಗೋಖಲೆಯವರಂಥವರು ತಾವಾಗಿಯೇ ಬರುತ್ತಾರೆ.